ಖಾಲಿ ಬರುವಾಗ ಮಾತ್ರ ನಡುಗುವ ಗಾಡಿ

ನಮ್ಮ ಪಿಕಪ್ಪಿಗೆ ಒಂದು ವಿಚಿತ್ರ ಕಾಯಿಲೆ ಅಂಟಿತ್ತು. 10 ಕ್ವಿಂಟಲ್ ಮೆಕ್ಕೆಜೋಳ ಹೇರಿಕೊಂಡು ಹೋಗುವಾಗ ಹಸುವಿನಷ್ಟು ಸಾಧು. ಇಳಿಸಿ ಖಾಲಿ ಬರುವಾಗ 60 ಮುಟ್ಟಿದರೆ ಸಾಕು, ಸೀಟಿನ ಕೆಳಗೆ ಜೇನು ಎದ್ದ ಹಾಗೆ ಗುಂಯ್ ಅನ್ನುತ್ತಿತ್ತು. ಕಾಲಿನಡಿಯ ತಗಡು ಜುಮ್ಮೆನ್ನುತ್ತಿತ್ತು. ಗೇರ್ ಲಿವರ್ ಹಿಡಿದರೆ ಅಂಗೈಯಲ್ಲಿ ಇರುವೆ ಹರಿದ ಹಾಗೆ.

ಹಳೇ ಗಾಡಿ, ಫೋರ್ ವೀಲ್ ಡ್ರೈವ್. ಭರಮಸಾಗರದ ಹತ್ತಿರ ನಮ್ಮದು ಎರೆ ಹೊಲ. ಮಳೆ ಬಿದ್ದ ಮೇಲೆ ಬೇರೆ ಗಾಡಿ ಒಳಗೆ ಬಂದರೆ ಟ್ರ್ಯಾಕ್ಟರ್ ಕಟ್ಟಿ ಎಳೆಯಬೇಕು. ಇದು ಮಾತ್ರ ಗೊಣಗುತ್ತಾ ಆದರೂ ಹೊರಗೆ ಬರುತ್ತೆ. ಹಾಗಾಗಿ ಮಾರು ಮಾರು ಅಂತ ಮನೆಯವರು ಹೇಳಿದರೂ ನಾನು ಕಿವಿಗೆ ಹಾಕಿಕೊಂಡಿಲ್ಲ.

ಎರಡು ತಿಂಗಳು ನನಗೆ ತೋಚಿದ ಔಷಧಿಯನ್ನೆಲ್ಲ ಮಾಡಿಸಿದೆ. ಮೊದಲು ಟೈರ್ ಅಂಗಡಿ. ಅವನು ಚಕ್ರ ಬಿಚ್ಚಿ ರಿಮ್ಮಿನ ಒಳಮೈಯಿಂದ ಬೊಗಸೆ ತುಂಬ ಒಣಗಿದ ಎರೆಮಣ್ಣು ಕೆರೆದು ತೆಗೆದ. ಇದೇ ರೋಗ ಅಂತ ಖುಷಿಯಾಯಿತು. ಮಣ್ಣು ಅಂಟಿದ ರಿಮ್ಮೂ ಗಾಡಿ ಕುಣಿಸುತ್ತೆ, ಸುಳ್ಳಲ್ಲ. ಬ್ಯಾಲೆನ್ಸಿಂಗ್ ಮಾಡಿಸಿಕೊಂಡು ಹೆದ್ದಾರಿಗೆ ಬಂದರೆ ಮತ್ತೆ ಗುಂಯ್. ಹಿಂದಿನ ಎರಡು ಟೈರ್ ಹೊಸದು ಹಾಕಿಸಿದೆ. ಗುಂಯ್. ಸರಿಯಾಗಿ ಬ್ಯಾಲೆನ್ಸ್ ಮಾಡಿಲ್ಲ ಅಂತ ಅವನ ಮೇಲೆ ರೇಗಿ ಬಂದೆ. ಆಮೇಲೆ ಯಾರೋ ಹೇಳಿದರು ಅಂತ ಇಂಜಿನ್ ಮೌಂಟಿಂಗ್ ಬದಲಾಯಿಸಿದೆ. ಅದರ ಕಥೆ ಹೇಳುವುದೇ ಬೇಡ.

ಅಣ್ಣನ ಮಗ ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ರಜಕ್ಕೆ ಬಂದವನು ನನ್ನ ಗೋಳು ಕೇಳಿ, "ಚಿಕ್ಕಪ್ಪ, ಸಾಮಾನು ಬದಲಾಯಿಸೋದು ಬಿಡಿ. ಎಷ್ಟು ಬೇಗ ನಡುಗುತ್ತೆ ಅಂತ ಮೊದಲು ಎಣಿಸೋಣ" ಅಂದ. ನಡುಗುವುದನ್ನು ಎಣಿಸುವುದು ಹೇಗೆ ಅಂತ ನನಗೆ ನಗು ಬಂತು.

ಅವತ್ತು ಸಂಜೆ ಗಾಡಿಯನ್ನು ಕಣದಲ್ಲಿ ನಿಲ್ಲಿಸಿದೆವು. ಟೈರಿಗೆ ಸೀಮೆಸುಣ್ಣದ ಗೆರೆ, ನೆಲಕ್ಕೊಂದು ಗೆರೆ. ಒಂದು ಪೂರ್ತಿ ಸುತ್ತು ತಳ್ಳಿದರೆ ಗಾಡಿ 2 ಮೀಟರ್ 20 ಸೆಂಟಿಮೀಟರ್ ಮುಂದೆ ಹೋಯಿತು. ಇಂಜಿನ್ನಿನ ಸುತ್ತನ್ನು ಚಕ್ರಕ್ಕೆ ಮುಟ್ಟಿಸುವ ಉದ್ದ ದಂಡ ಇರುತ್ತಲ್ಲ, ಆ ಪ್ರೊಪೆಲರ್ ಶಾಫ್ಟಿಗೂ ಒಂದು ಗೆರೆ ಹಾಕಿದ್ದೆವು. ಚಕ್ರ ಒಂದು ಸುತ್ತು ಸುತ್ತುವಷ್ಟರಲ್ಲಿ ಶಾಫ್ಟ್ ನಾಲ್ಕು ಸುತ್ತು ಮುಗಿಸಿ, ಮೇಲೆ ಕಾಲು ಸುತ್ತಿಗಿಂತ ಸ್ವಲ್ಪ ಜಾಸ್ತಿ ತಿರುಗಿತು. 4.3 ಅಂತ ಇಟ್ಟುಕೊಂಡೆವು. ಇನ್ನು ಲೆಕ್ಕ ಸುಲಭ. 60 ಕಿಲೋಮೀಟರ್ ವೇಗದಲ್ಲಿ ಚಕ್ರ ಸೆಕೆಂಡಿಗೆ ಏಳೂವರೆ ಸುತ್ತು. ಶಾಫ್ಟ್ 32 ಸುತ್ತಿಗೂ ಸ್ವಲ್ಪ ಮೇಲೆ. ಅಂದರೆ ಟೈರಿನ ದೋಷವಾದರೆ ನಿಧಾನದ ಕುಲುಕು, ಎಣಿಸಬಹುದು ಅನ್ನಿಸುವಂಥದ್ದು. ಶಾಫ್ಟಿನದಾದರೆ ಗುಂಯ್. ನಾನು ಎರಡು ಟೈರಿನ ದುಡ್ಡು ಕೊಟ್ಟಿದ್ದು ಈ ಲೆಕ್ಕ ಗೊತ್ತಿಲ್ಲದೆ.

ಮಾರನೇ ದಿನ ಬೆಳಿಗ್ಗೆ ಜೋಳದ ಚೀಲ ಹೇರಿಕೊಂಡು ಹೊರಟೆವು. ಹೆದ್ದಾರಿಗೆ 48 ಅಂತ ಹೊಸ ನಂಬರ್ ಬಂದು ವರ್ಷಗಳಾದರೂ ನಮ್ಮ ಬಾಯಲ್ಲಿ ಅದು ಎನ್ಎಚ್ ಫೋರೇ. ಆನಗೋಡು ದಾಟುವವರೆಗೆ ಗಾಡಿ ಎಣ್ಣೆ ಹಾಕಿದ ಗಾಣದ ಹಾಗೆ ನಡೆಯಿತು. ಹುಡುಗ ನನ್ನ ಮುಖ ನೋಡಿ, "ಎಲ್ಲಿ ಚಿಕ್ಕಪ್ಪ ನಡುಕ?" ಅಂದ. ಡಾಕ್ಟರ ಮುಂದೆ ಹೋದಾಗ ಜ್ವರ ಇಳಿದಿರುತ್ತಲ್ಲ, ಹಾಗಾಯಿತು.

ಎಪಿಎಂಸಿಯಲ್ಲಿ ಚೀಲ ಇಳಿಸಿ ಹರಿಹರದ ಕಡೆ ಹೆದ್ದಾರಿ ಹಿಡಿದೆವು. 60 ಮುಟ್ಟಿತು. ಬಂತು.

ಈಗ ಹುಡುಗ ಒಂದೊಂದೇ ಮಾಡಿಸಿದ. ನಾಲ್ಕನೇ ಗೇರಲ್ಲಿ 60, ಐದನೇ ಗೇರಲ್ಲಿ 60. ಇಂಜಿನ್ ವೇಗ ಬೇರೆ ಬೇರೆ, ನಡುಕ ಅದೇ. ನ್ಯೂಟ್ರಲ್ ಮಾಡಿ ಹಾಗೇ ಬಿಟ್ಟರೂ ಇತ್ತು, ಸ್ವಲ್ಪ ಕಮ್ಮಿ. ರಸ್ತೆ ಬದಿಗೆ ನಿಲ್ಲಿಸಿ ಆಕ್ಸಿಲರೇಟರ್ ಎಷ್ಟು ಒತ್ತಿದರೂ ಏನೂ ಇಲ್ಲ. ಅಲ್ಲಿಗೆ ಇಂಜಿನ್ನೂ ಕ್ಲಚ್ಚೂ ಪಾರು. ಸ್ಟೀರಿಂಗ್ ಅಲುಗುತ್ತಿರಲಿಲ್ಲ, ಹಾಗಾಗಿ ಮುಂದಿನ ಚಕ್ರವೂ ಬಹುಮಟ್ಟಿಗೆ ಪಾರು. ಉಳಿದಿದ್ದು ಮುಂದಿನ ಶಾಫ್ಟ್, ಹಿಂದಿನ ಶಾಫ್ಟ್.

ಫೋರ್ ವೀಲ್ ಗಾಡಿಯಲ್ಲಿ ಇಲ್ಲೊಂದು ಅನುಕೂಲ ಇದೆ. ನಮ್ಮದರಲ್ಲಿ ಮುಂದಿನ ಚಕ್ರದ ನಡುವಿನ ಹಬ್ಬಿಗೆ ಕೈಯಲ್ಲಿ ತಿರುಗಿಸುವ ಲಾಕ್ ಇದೆ. ಲಾಕ್ ಆಗಿದ್ದರೆ ಟು ವೀಲ್‌ನಲ್ಲಿ ಓಡಿಸಿದರೂ ಮುಂದಿನ ಚಕ್ರಗಳೇ ಆ ಶಾಫ್ಟನ್ನು ಸುಮ್ನೆ ತಿರುಗಿಸುತ್ತಿರುತ್ತವೆ. ಫ್ರೀ ಮಾಡಿದರೆ ಮುಂದಿನ ಶಾಫ್ಟ್ ನಿದ್ದೆ. ಬಗ್ಗಿ ನೋಡಿದರೆ ಮಳೆಗಾಲದಲ್ಲಿ ಲಾಕ್ ಮಾಡಿದ್ದು ಇನ್ನೂ ಹಾಗೇ ಇದೆ! ಸಿಕ್ಕಿಬಿಟ್ಟಿತು ಅಂದುಕೊಂಡು ಎರಡೂ ಫ್ರೀ ಮಾಡಿ ಓಡಿಸಿದೆವು. ಸ್ಟೀರಿಂಗ್ ಹಗುರಾಯಿತು, ನಡುಕ ಒಂದು ಚೂರೂ ಇಳಿಯಲಿಲ್ಲ. ಸರಿ, ಹಿಂದಿನದೇ.

ಹುಡುಗ ಮೊಬೈಲನ್ನು ಸೀಟಿನ ಪಕ್ಕದ ತಗಡಿಗೆ ಒತ್ತಿ ಹಿಡಿದ. ನಡುಕ ಅಳೆಯುವ ಆ್ಯಪ್ ಇದೆಯಂತೆ. ನಾನು 60ರಲ್ಲೇ ಬಿಗಿಯಾಗಿ ಇಟ್ಟೆ. ಸೆಕೆಂಡಿಗೆ 65ರ ಆಸುಪಾಸು ತೋರಿಸಿತು. ಅವನು ಹುಬ್ಬು ಗಂಟು ಹಾಕಿದ. "ಶಾಫ್ಟ್ 32 ಸುತ್ತು, ನಡುಕ ಅದರ ಎರಡರಷ್ಟು. ಶಾಫ್ಟ್ ಒಂದು ಕಡೆ ತೂಕ ಜಾಸ್ತಿ ಆಗಿದ್ದರೆ ಸುತ್ತಿಗೊಂದು ಸಲ ಒದೀಬೇಕು. ಇದು ಸುತ್ತಿಗೆ ಎರಡು ಸಲ ಒದೀತಿದೆ. ಇದು ಶಾಫ್ಟಿನ ತುದಿಯ ಕೀಲು, ಕ್ರಾಸಿನ ಕೆಲಸ ಚಿಕ್ಕಪ್ಪ. ಹುಕ್ಸ್ ಜಾಯಿಂಟ್."

ಆ ಹೆಸರು ಕೇಳಿ ನನಗೆ ನಾಚಿಕೆಯಾಯಿತು. ಡಿಪ್ಲೊಮಾದಲ್ಲಿ ಹುಕ್ಸ್ ಜಾಯಿಂಟಿನ ಲೆಕ್ಕ ಬರೆದೇ ನಾನೂ ಪಾಸಾಗಿದ್ದು. ನಮ್ಮ ಗಾಡಿಯ ಹೊಟ್ಟೆಯಡಿ ನೇತಾಡುವ ಕ್ರಾಸೇ ಅದು ಅಂತ ಇಷ್ಟು ವರ್ಷ ಹೊಳೆದಿರಲಿಲ್ಲ.

ಅದರ ಗುಣ ಹೀಗೆ. ಕ್ರಾಸ್ ನೇರವಾಗಿದ್ದರೆ ಏನೂ ತಕರಾರಿಲ್ಲ. ಓರೆಯಾಗಿ ತಿರುಗುವಾಗ ಒಳಗೆ ಬರುವ ಸುತ್ತು ಒಂದೇ ಸಮ ಇದ್ದರೂ ಹೊರಗೆ ಹೋಗುವ ಸುತ್ತು ಓಡಿ ನಿಧಾನಿಸಿ, ಓಡಿ ನಿಧಾನಿಸಿ ಹೋಗುತ್ತೆ. ಒಂದು ಸುತ್ತಿಗೆ ಎರಡು ಸಲ. 10 ಡಿಗ್ರಿ ಓರೆ ಇದ್ದರೆ ನೂರಕ್ಕೆ ಒಂದೂವರೆಯಷ್ಟು ಹಿಂದೆ ಮುಂದೆ. ಓರೆ 5 ಡಿಗ್ರಿಗೆ ಇಳಿದರೆ ಇದು ಅರ್ಧವಲ್ಲ, ಕಾಲು ಭಾಗಕ್ಕೆ ಇಳಿಯುತ್ತೆ. ಲೋಡ್ ಹಾಕಿದಾಗ ಗಾಡಿ ಯಾಕೆ ಸಾಧುವಾಗುತ್ತಿತ್ತು ಅನ್ನುವುದು ನನಗೆ ಅಲ್ಲೇ ಅರ್ಥವಾಯಿತು. ಜೋಳಕ್ಕೆ ಅಂತ ಹಿಂದೆ ಕಮಾನಿಗೆ ಎರಡು ಪಟ್ಟಿ ಹೆಚ್ಚಿಗೆ ಹಾಕಿಸಿದ್ದೆ. ಖಾಲಿ ಇದ್ದಾಗ ಗಾಡಿ ಹಿಂಭಾಗ ಎತ್ತಿ ನಿಲ್ಲುತ್ತೆ, ಶಾಫ್ಟ್ ಕಡಿದಾಗಿ ಇಳಿಯುತ್ತೆ. ಲೋಡಿಗೆ ಕೂತರೆ ಓರೆ ಕಮ್ಮಿ.

ಆದರೆ ಪಟ್ಟಿ ಹಾಕಿಸಿ ಮೂರು ವರ್ಷ. ನಡುಕ ಶುರುವಾಗಿ ಎರಡು ತಿಂಗಳು.

ದಾವಣಗೆರೆಗೆ ವಾಪಸ್ ಬಂದು, ಪಿ.ಬಿ. ರಸ್ತೆಯ ಹತ್ತಿರದ ಗಲ್ಲಿಯಲ್ಲಿ ಪ್ರೊಪೆಲರ್ ಕೆಲಸವನ್ನೇ ಮಾಡುವ ಒಬ್ಬ ವಯಸ್ಸಾದ ಮೇಸ್ತ್ರಿ ಹತ್ತಿರ ಹೋದೆವು. ಅವರು ಮಿರ್ಚಿ ಮಂಡಕ್ಕಿ ಮುಗಿಸುವವರೆಗೆ ಕಾದೆವು. ಹುಡುಗ 65, 32 ಅಂತ ಎಲ್ಲ ಒದರಿದ. ಮೇಸ್ತ್ರಿ ಸಮಾಧಾನವಾಗಿ ಕೇಳಿ, "ಹಂಗಾರೆ ಕ್ರಾಸು, ಇಲ್ಲಾ ಬಾಣ" ಅಂದು ಗಾಡಿ ಅಡಿಗೆ ತೂರಿದರು. ಬಾಣ ಯಾವುದು ಅಂತ ನಮ್ಮಿಬ್ಬರಿಗೂ ಗೊತ್ತಾಗಲಿಲ್ಲ.

ಒಳಗಿಂದ ದನಿ ಬಂತು. "ಯಜಮಾನ್ರೆ, ಶಾಫ್ಟ್ ಯಾರ್ರೀ ಬಿಚ್ಚಿದ್ದು?"

ನಾನು ಗಂಟಲು ಸರಿಮಾಡಿಕೊಂಡೆ. ಮಳೆಗಾಲದ ಕೊನೆಯಲ್ಲಿ, ಶಾಫ್ಟಿನ ತುಂಡುಗಳು ಒಂದರೊಳಗೊಂದು ಜಾರುವ ಸ್ಲಿಪ್ ಜಾಯಿಂಟಿನ ರಬ್ಬರ್ ಹರಿದು ಒಳಗೆ ಕೆಸರು ಹೋಗಿತ್ತು. ಅದನ್ನು ಎಳೆದು, ಡೀಸೆಲ್‌ನಲ್ಲಿ ತೊಳೆದು, ಗ್ರೀಸ್ ತುಂಬಿ ಮತ್ತೆ ತೂರಿಸಿದವನು ನಾನೇ. ಎರಡು ತಿಂಗಳಿಂದ ಊರವರನ್ನೆಲ್ಲ ಬೈಯುವಾಗ ಇದು ಒಂದು ಸಲವೂ ನೆನಪಿಗೆ ಬರಲಿಲ್ಲ. ಅಥವಾ ಬಂದಿತ್ತೋ ಏನೋ, ನಾನೇ ಆಚೆ ತಳ್ಳಿದ್ದೆ.

"ಚಿಕ್ಕಪ್ಪನೇ ಬಿಚ್ಚಿದ್ದು" ಅಂದ ಹುಡುಗ. ಬೇಕಿರಲಿಲ್ಲ.

ಮೇಸ್ತ್ರಿ ನನ್ನನ್ನು ಅಡಿಗೆ ಕರೆದು ಬ್ಯಾಟರಿ ಹಿಡಿದು ತೋರಿಸಿದರು. ಶಾಫ್ಟ್ ಎರಡು ತುಂಡು, ಒಂದರೊಳಗೊಂದು ಹಲ್ಲಿಗೆ ಹಲ್ಲು ಕೂರುತ್ತೆ. ಎರಡರ ಮೇಲೂ ಒಂದೊಂದು ಬಾಣದ ಗುರುತು. ಗ್ರೀಸು, ತುಕ್ಕು ಕೆರೆದ ಮೇಲೆ ಕಂಡಿತು. ಎರಡು ಬಾಣ ಎದುರುಬದುರು ಇರಬೇಕು. ನಮ್ಮದು ಎರಡು ಹಲ್ಲು ಆಚೆ ಇತ್ತು. ಸುತ್ತ 16 ಹಲ್ಲು, ಅಂದರೆ ಎರಡು ಹಲ್ಲಿಗೆ 45 ಡಿಗ್ರಿ.

ಒಂದೇ ಒರಳಿಗೆ ಇಬ್ಬರು ಒನಕೆ ಹಾಕುವುದನ್ನು ನಮ್ಮಜ್ಜಿ ಕಾಲದವರು ನೋಡಿರುತ್ತಾರೆ. ಒಬ್ಬಳದು ಮೇಲೆ ಹೋದಾಗ ಇನ್ನೊಬ್ಬಳದು ಕೆಳಗೆ. ಶಾಫ್ಟಿನ ಎರಡು ತುದಿಯ ಕ್ರಾಸೂ ಹಾಗೇ. ಮುಂದಿನದು ಓಡಿಸಿದ್ದನ್ನು ಹಿಂದಿನದು ಹಿಡಿದು ನಿಧಾನಿಸಬೇಕು. ಆಗ ಚಕ್ರಕ್ಕೆ ಹೋಗುವ ಸುತ್ತು ಒಂದೇ ಸಮ. ಹಲ್ಲು ತಪ್ಪಿ ಕೂತರೆ ತಾಳ ತಪ್ಪುತ್ತೆ, ಒನಕೆಗೆ ಒನಕೆ ಬಡಿಯುತ್ತೆ.

ಶಾಫ್ಟ್ ಇಳಿಸುವ ಮೊದಲು ಮೇಸ್ತ್ರಿ ಚಕ್ರದ ಮುಂದೆ ಹಿಂದೆ ಕಲ್ಲು ಕೊಟ್ಟರು. ಗೇರಲ್ಲಿ ಇದೆಯಲ್ಲ ಅಂದೆ. ಶಾಫ್ಟೇ ಇಲ್ಲದ ಮೇಲೆ ಗೇರ್ ಯಾವುದನ್ನು ಹಿಡಿಯುತ್ತೆ ಅಂತ ನಕ್ಕರು. ಕೆಲವು ಹಳೇ ಜೀಪುಗಳಲ್ಲಿ ಹ್ಯಾಂಡ್‌ಬ್ರೇಕೂ ಶಾಫ್ಟಿನ ಮೇಲೇ ಇರುತ್ತೆ, ಬಿಚ್ಚಿದರೆ ಅದೂ ಹೋಯಿತು. ಮನೆಯಲ್ಲಿ ಬಿಚ್ಚುವವರು ಇದನ್ನು ಮರೆಯಬಾರದು. ನಾನು ಬಿಚ್ಚಿದ್ದು ಸಮತಟ್ಟು ಕಣದಲ್ಲಿ, ಬಚಾವ್.

ಕೈಯಲ್ಲಿ ಆಡಿಸಿ ನೋಡಿದರೆ ಹಿಂದಿನ ಕ್ರಾಸ್ ಒಂದು ಕಡೆ ಕಚ್ಚುತ್ತಿತ್ತು. "ಇದನ್ನೂ ಹಾಕಿಬಿಡಿ" ಅಂದೆ. "ತಡೀರಿ. ಎರಡೂ ಒಂದೇ ಸಲ ಮಾಡಿದ್ರೆ ಯಾವುದ್ರಿಂದ ವಾಸಿ ಆತು ಅಂತ ಹೆಂಗ್ ಹೇಳ್ತೀರಿ? ಮೊದ್ಲು ಬಾಣ ಕೂಡಿಸಿ ಓಡಿಸ್ಕೊಂಡ್ ಬರ್ರಿ." ಎರಡು ತಿಂಗಳಲ್ಲಿ ನನಗೆ ಬೇಕಾಗಿದ್ದ ಮಾತು ಅದು.

ಅರ್ಧ ಗಂಟೆ ಹಿಡಿಯಿತು. ಖಾಲಿ ಗಾಡಿ. 60. 70. 80ರವರೆಗೂ ಹೋದೆವು. ತಗಡಿಗೆ ಒತ್ತಿ ಹಿಡಿದ ಮೊಬೈಲಿನ ಗ್ರಾಫಿನಲ್ಲಿ 65ರ ಗುಡ್ಡ ಹೋಗಿ ಒಂದು ಸಣ್ಣ ದಿಬ್ಬ ಉಳಿದಿತ್ತು. ವಾಪಸ್ ಹೋಗಿ ಕ್ರಾಸ್ ಹಾಕಿಸಿದ ಮೇಲೆ ಅದೂ ಹುಡುಕಿದರೆ ಸಿಗುವಷ್ಟಾಯಿತು.

ಮನೆಗೆ ಬಂದ ಮೇಲೆ ಹುಡುಗ ಮತ್ತೆ ಗಾಡಿ ಅಡಿಗೆ ತೂರಿ, ಬಾಣದಿಂದ ಬಾಣಕ್ಕೆ ಒಂದು ಗೆರೆ ಎಳೆದ. ಪೇಂಟ್ ಇರಲಿಲ್ಲ, ಮನೆಯಲ್ಲಿ ಸಿಕ್ಕಿದ್ದು ಕೆಂಪು ಉಗುರುಬಣ್ಣ. ರಾತ್ರಿ ನನ್ನ ಹೆಂಡತಿ ಕಪಾಟೆಲ್ಲ ತಡಕುತ್ತಿದ್ದಳು. ನಾವಿಬ್ಬರೂ ಊಟದ ತಟ್ಟೆ ನೋಡುತ್ತಾ ಕೂತೆವು.