ಹಾಜರಿ ತಪ್ಪಿದ ಹುಡುಗನನ್ನು ಬೈಯುವ ಮೊದಲು

"ಓದು ತಲಿಗೆ ಹತ್ತಲಿಲ್ಲ, ಅದಕ್ಕ ಐಟಿಐಗೆ ಹಾಕ್ಯಾರ." ಕೊಪ್ಪಳ, ಗಂಗಾವತಿ ಕಡೆ ಈ ಮಾತನ್ನು ಹುಡುಗರ ಎದುರಿಗೇ ಆಡುತ್ತಾರೆ. ಅದೇ ಹುಡುಗ ಫಿಟ್ಟರ್ ಟ್ರೇಡಿನಲ್ಲಿ ಉಕ್ಕಿನ ಪ್ಲೇಟನ್ನು ವೈಸಿಗೆ ಬಿಗಿದು, ಅರದಿಂದ ಉಜ್ಜಿ, ಮೂಲೆ ಸರಿಯಿದೆಯೇ ಎಂದು ಟ್ರೈ ಸ್ಕ್ವೇರ್ ಇಟ್ಟು ಬೆಳಕಿಗೆ ಹಿಡಿದು ಸಂದು ನೋಡುತ್ತಾನೆ. ವರ್ನಿಯರ್ ಅಳತೆಗೋಲಿನಲ್ಲಿ 0.02 ಮಿ.ಮೀ. ತನಕ ಅಳತೆ ಹಿಡಿಯುತ್ತಾನೆ. ಅವನನ್ನು ದಡ್ಡ ಅನ್ನುವುದು ಶುದ್ಧ ಅನ್ಯಾಯ.

ಈ ಅವಮಾನ ಕಣ್ಣೀರಾಗಿ ಕಾಣುವುದು ಅಪರೂಪ, ಗೈರಾಗಿ ಕಾಣುತ್ತದೆ. ಮೊದಲು ಒಂದೆರಡು ಥಿಯರಿ ಕ್ಲಾಸು ತಪ್ಪುತ್ತವೆ, ಆಮೇಲೆ ವರ್ಕ್‌ಶಾಪು. ಶೇ. 80ರಷ್ಟು ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಕೂರುವಂತಿಲ್ಲ. ಹಾಗಾಗಿ ಮನಸ್ಸು ಕುಸಿದವನಿಗೂ ಸಿಗುವುದು ಎಲ್ಲರೆದುರು ಬೈಗುಳ, "ನಿಮ್ಮಪ್ಪನ್ನ ಕರಕೊಂಡ್ ಬಾ" ಅನ್ನುವ ಅಪ್ಪಣೆ. ಅಪ್ಪ ಒಂದು ದಿನದ ಕೂಲಿ ಬಿಟ್ಟು ಬರಬೇಕಲ್ಲ ಎಂದು ಹೆದರಿ ಹುಡುಗ ಕಾಲೇಜನ್ನೇ ಬಿಡುತ್ತಾನೆ.

ಸತತ ಮೂರು ದಿನ ಬರದಿದ್ದರೆ ಮೇಷ್ಟ್ರು ತಾವೇ ಫೋನ್ ಮಾಡಲಿ. ಬಂದ ದಿನ ಒಬ್ಬನನ್ನೇ ಕೂರಿಸಿಕೊಂಡು "ನಿದ್ದಿ ಬರತೈತೇನಪ್ಪಾ? ಊಟ ಸೇರತೈತಾ?" ಎಂದು ಕೇಳಲಿ. ಎರಡು ವಾರದಿಂದ ನಿದ್ದೆ ಇಲ್ಲ, ಯಾವುದರಲ್ಲೂ ಮನಸ್ಸಿಲ್ಲ ಅಂದರೆ ವೈದ್ಯರಿಗೆ ತೋರಿಸಬೇಕು. "ಸಾಯಬೇಕು ಅನಸತೈತೇನು?" ಎಂದು ನೇರವಾಗಿ ಕೇಳಿ. ಕೇಳಿದ್ದಕ್ಕೇ ಆ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಒಬ್ಬನನ್ನೇ ಬಿಡದೆ, ಅದೇ ದಿನ ಜೊತೆಗೆ ಹೋಗಿ ಜಿಲ್ಲಾ ಆಸ್ಪತ್ರೆಗೆ ತೋರಿಸಿ.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆ ನಮ್ಮ ಪಕ್ಕದ ಬಳ್ಳಾರಿಯಲ್ಲೇ ನಡೆಸಿದ ಪ್ರಯೋಗ. ಇಲ್ಲಿಯ ಹುಡುಗರಿಗೇ ಆ ಸೇವೆ ಮುಟ್ಟದಿದ್ದರೆ ಹೊಟ್ಟೆ ಉರಿಯುತ್ತದೆ.

ಮಾತ್ರೆ ಬರೆಸುವಾಗ ಮೆಷಿನ್ ಮೇಲೆ ಕೆಲಸ ಇದೆ ಎಂದು ವೈದ್ಯರಿಗೆ ಹೇಳಲೇಬೇಕು. ಕೆಲವು ಮಾತ್ರೆಗಳಿಂದ ಮಂಪರು ಬರುತ್ತದೆ. ಅದು ಇಳಿಯುವ ತನಕ ಲೇಥ್, ಗ್ರೈಂಡರ್ ಬೇಡ, ಬೆಂಚ್ ಮೇಲಿನ ಕೈಕೆಲಸ ಕೊಡಿ. ಖಿನ್ನತೆಯ ಮಾತ್ರೆ ಗುಣ ತೋರಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ. ವಾರಕ್ಕೇ ಗುಣ ಕಾಣಲಿಲ್ಲವೆಂದು ಬಿಡುವವರು ಬಹಳ. ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ. ಆಸ್ಪತ್ರೆಯ ಚೀಟಿಯನ್ನು ಪ್ರಾಚಾರ್ಯರ ಕೈಗೇ ಕೊಟ್ಟು, ಗೈರಿಗೆ ಕಾರಣ ಅನಾರೋಗ್ಯ ಎಂದಷ್ಟೇ ಬರೆಸಿ. ಕಾಯಿಲೆಯ ಹೆಸರು ಸಹಪಾಠಿಗಳಿಗೆ ತಿಳಿಯಬೇಕಿಲ್ಲ.