ಮಗನ ಬ್ರೇನ್‌ಗೆ ಯಾವ ಪ್ರೋಟೀನ್ ಪೌಡರ್ ಕೊಡಬೇಕು?

ಯಾವುದೂ ಬೇಡ. ಮುಗಿಯಿತು. ಇನ್ನು ಯಾರು ಕೇಳಿದರೂ ಇದನ್ನೇ ಕಳಿಸುತ್ತೇನೆ, ಬೇಜಾರು ಮಾಡ್ಕೋಬೇಡಿ.

ನಾನು ಓದಿದ್ದು ಮೆದುಳಿನ ನರಗಳ ತುದಿಯಲ್ಲಿ ಕೆಲಸ ಮಾಡುವ ಪ್ರೋಟೀನ್‌ಗಳ ಬಗ್ಗೆ. ಕಲಬುರಗಿಯ ನಮ್ಮ ಬಳಗಕ್ಕೆಲ್ಲ ಇದು ಗೊತ್ತು, ಅಂದರೆ ಅರ್ಧ ಗೊತ್ತು. ಒಂದು ಮದುವೆಯಲ್ಲಿ ಗೋಧಿ ಹುಗ್ಗಿಗೆ ತುಪ್ಪ ಬೀಳುವ ಹೊತ್ತಿಗೇ ಪಕ್ಕದಲ್ಲಿ ಕೂತಿದ್ದ ಕಾಕಾ ಶುರು ಮಾಡಿದರು. "ತಂಗಿ, ನಮ್ ಹುಡುಗಗ ನೀಟ್ ಅದ. ಬ್ರೇನಿಗಿ ಯಾವ ಪ್ರೋಟೀನ್ ಛಲೋ? ಕಂಪನಿ ಹೆಸರು ಹೇಳಿಬಿಡು." ಅವರಿಗೆ ಬೇಕಿದ್ದಿದ್ದು ಉತ್ತರ ಅಲ್ಲ, ಡಬ್ಬಿ. ಕಾಕಾ, ತಿಂದ ಪ್ರೋಟೀನ್ ಹೊಟ್ಟೆ, ಕರುಳಿನಲ್ಲಿ ಅಮೈನೋ ಆಮ್ಲಗಳಾಗಿ ಒಡೆದುಹೋಗುತ್ತದೆ, ಅವನ್ನು ತಗೊಂಡು ನರಕೋಶ ತನಗೆ ಬೇಕಾದ್ದನ್ನು ತಾನೇ ಕಟ್ಟಿಕೊಳ್ಳುತ್ತದೆ, ಅದಕ್ಕೆ ತೊಗರಿ ಬೇಳೆ, ಹಾಲು, ಮೊಟ್ಟೆ ಸಾಕು ಅಂದೆ. "ಬ್ಯಾಳಿ ದಿನಾ ತಿಂತೀವಿ ಬಿಡು" ಅಂದರು. 2019ರಲ್ಲಿ ಜಿಐ ಟ್ಯಾಗ್ ಸಿಕ್ಕ ಬೇಳೆ ರೀ ಅದು! ಇಷ್ಟು ಓದಿ ಒಂದು ಹೆಸರು ಹೇಳೋಕೆ ಬರಲ್ವಾ ಅನ್ನೋ ನೋಟ ಬೇರೆ.

ಬರಲ್ಲ. ನನಗೆ ಬರುವ ಹೆಸರುಗಳು ಬೇರೆ. ನರದ ತುದಿಯಲ್ಲಿ ವೆಸಿಕಲ್ ಎಂಬ ಪುಟಾಣಿ ಚೀಲಗಳಿವೆ, ಅಗಲ ಸುಮಾರು 40 ನ್ಯಾನೋಮೀಟರ್, ಒಳಗೆ ಮುಂದಿನ ಕೋಶಕ್ಕೆ ಹೋಗಬೇಕಾದ ರಾಸಾಯನಿಕ. ಸಿನಾಪ್ಸಿನ್ ಎಂಬ ಪ್ರೋಟೀನ್ ಇವನ್ನು ಗುಂಪಾಗಿ ಹಿಡಿದಿಟ್ಟಿರುತ್ತದೆ. ಚೀಲದ ಮೇಲಿನ ಸಿನಾಪ್ಟೋಬ್ರೆವಿನ್, ನರದ ಪೊರೆಯಲ್ಲಿರುವ ಸಿಂಟ್ಯಾಕ್ಸಿನ್ ಮತ್ತು ಸ್ನ್ಯಾಪ್-25 ಎಂಬ ಮೂರು ಪ್ರೋಟೀನ್‌ಗಳು ಹಗ್ಗ ಹೊಸೆದಂತೆ ಸುತ್ತಿಕೊಂಡು ಚೀಲವನ್ನು ಪೊರೆಗೆ ಎಳೆದುಕೊಳ್ಳುತ್ತವೆ. ಆಮೇಲೆ ಕಾಯಬೇಕು. ಕ್ಯಾಲ್ಸಿಯಂ ಒಳಗೆ ನುಗ್ಗಿ ಸಿನಾಪ್ಟೋಟ್ಯಾಗ್ಮಿನ್ ಎಂಬ ಇನ್ನೊಂದು ಪ್ರೋಟೀನ್‌ಗೆ ಅಂಟಿತೋ, ಒಂದು ಮಿಲಿಸೆಕೆಂಡಿನೊಳಗೆ ಚೀಲ ಪೊರೆಯಲ್ಲಿ ಬೆರೆತು ಒಳಗಿನದು ಹೊರಗೆ. 2013ರ ನೊಬೆಲ್ ಇಂಥ ಚೀಲಗಳ ಸಾಗಾಟಕ್ಕೇ ಬಂತು. ಗೆದ್ದ ಮೂವರಲ್ಲಿ ಶೆಕ್‌ಮನ್ ದುಡಿದದ್ದು ಯೀಸ್ಟ್ ಮೇಲೆ, ಅದಕ್ಕೆ ಬ್ರೇನೇ ಇಲ್ಲ.

ಕೇಳಲೇಬೇಕು ಅಂದ್ರೆ ಇದನ್ನು ಕೇಳಿ: ಹೊಲದಲ್ಲಿ ಕಾಲಿಗೆ ಮೊಳೆ ಚುಚ್ಚಿದರೆ ದವಡೆ ಯಾಕೆ ಕಚ್ಚಿಕೊಳ್ಳುತ್ತೆ? ಗಾಯಕ್ಕೆ ಸೇರಿದ ಧನುರ್ವಾಯು (ಟೆಟನಸ್) ಬ್ಯಾಕ್ಟೀರಿಯಾದ ವಿಷ ರಕ್ತದಲ್ಲಿ ಹರಡಿ, ಸ್ನಾಯುಗಳಿಗೆ ಬರುವ ನರದ ತುದಿಗಳನ್ನು ಹೊಕ್ಕು, ನರದೊಳಗೇ ಹಿಂದಕ್ಕೆ ಬೆನ್ನುಹುರಿ, ಮೆದುಳಿನ ಬುಡದ ತನಕ ಹೋಗುತ್ತದೆ. ದವಡೆಯ ನರ ಗಿಡ್ಡ, ಅಲ್ಲಿ ಬೇಗ ತಲುಪುತ್ತದೆ. ತಲುಪಿದ ಮೇಲೆ ಸ್ನಾಯು ಬಿಗಿಯದಂತೆ ತಡೆಯುವ ನರಗಳಿಗೆ ದಾಟಿ ಅಲ್ಲಿನ ಸಿನಾಪ್ಟೋಬ್ರೆವಿನ್ ಕತ್ತರಿಸುತ್ತದೆ. ಚೀಲ ಇದೆ, ಕ್ಯಾಲ್ಸಿಯಂ ಬರುತ್ತದೆ, ತಡೆಯುವ ಸಂದೇಶ ಮಾತ್ರ ಹೊರಡಲ್ಲ. ಸ್ನಾಯು ಬಿಗಿದದ್ದು ಬಿಗಿದಂತೆಯೇ.

ಇನ್ನೂ ಮಜಾ ಕೇಳಿ. ಇನ್ನೊಂದು ಬ್ಯಾಕ್ಟೀರಿಯಾದ್ದಾದ ಬೊಟುಲಿನಂ ವಿಷದ ಬಿ ಬಗೆ ಕತ್ತರಿಸೋದು ಇದೇ ಪ್ರೋಟೀನನ್ನು, ಅದೂ ಸರಿಯಾಗಿ ಅದೇ ಜಾಗದಲ್ಲಿ. ಆದರೆ ಅದು ಸ್ನಾಯುವಿನ ಹತ್ತಿರದ ತುದಿಯಲ್ಲೇ ಉಳಿದು ಕೆಲಸ ಮಾಡುವುದರಿಂದ ಸ್ನಾಯು ಬಿಗಿಯಲ್ಲ, ಜೋತುಬೀಳುತ್ತದೆ. ಸುಕ್ಕಿಗೆ ಹಾಕಿಸಿಕೊಳ್ಳುವ ಬೊಟಾಕ್ಸ್ ಎ ಬಗೆ, ಅದು ಕತ್ತರಿಸೋದು ಸ್ನ್ಯಾಪ್-25. ಅದನ್ನು ಎಲ್ಲಿ ಹಾಕಿಸಬೇಕು, ರೇಟ್ ಎಷ್ಟು ಅಂತ ಮಾತ್ರ ನನ್ನನ್ನು ಕೇಳಬೇಡಿ.