ನಾಲ್ಕು ಬೆತ್ತದ ಮೇಷ್ಟ್ರು

ಲೋಹದ ಪಟ್ಟಿಗಳನ್ನು ಕೋಲಿನಿಂದ ಬಾರಿಸುವ ವೈಬ್ರಫೋನ್ ವಾದ್ಯ ಕಲಿಸಿದ ನಮ್ಮ ಮೇಷ್ಟ್ರು ತೀರಿಹೋದರು. ಬಾಸ್ಟನ್ನಿನ ಆ ತರಗತಿಯಲ್ಲಿ ಓದಿದ ಥಿಯರಿ ಈಗ ಯಾರಿಗೂ ನೆನಪಿಲ್ಲ. ಮೋಟಾರಿನ ವಿಚಾರ ಮಾತ್ರ ಎಲ್ಲರಿಗೂ ನೆನಪಿದೆ.

ವಾದ್ಯದ ಅಲ್ಯೂಮಿನಿಯಂ ಪಟ್ಟಿಗಳ ಕೆಳಗೆ ಕೊಳವೆಗಳಿರುತ್ತವೆ, ಅವುಗಳ ಬಾಯಲ್ಲಿ ಬಿಲ್ಲೆಗಳು. ಮೋಟಾರು ಬಿಲ್ಲೆಗಳನ್ನು ತಿರುಗಿಸಿದರೆ ನಾದ ಅಲೆಅಲೆಯಾಗುತ್ತದೆ. ಮೇಷ್ಟ್ರು ಅಮೆರಿಕದ ಜಾಝ್ ವೈಬ್ರಫೋನ್ ವಾದಕ ಗೇರಿ ಬರ್ಟನ್ನರ ಶಿಷ್ಯರು. ಬರ್ಟನ್ ಮೋಟಾರು ಹಾಕುತ್ತಿರಲಿಲ್ಲ, ಇವರು ನಮಗೂ ಹಾಕಗೊಡಲಿಲ್ಲ. ನಾಲ್ಕು ಸ್ವರ ಒಟ್ಟಿಗೆ ನುಡಿಸುವಾಗ ಆ ಅಲೆ ಎಲ್ಲವನ್ನೂ ಕಲಸಿಬಿಡುತ್ತದೆ. ಹಾಗಂತ ಸ್ವಿಚ್ ಆರಿಸಿದರೆ ಸಾಲದು. ಬಿಲ್ಲೆ ಅಡ್ಡಲಾಗಿ ನಿಂತರೆ ಕೊಳವೆಯ ಬಾಯಿ ಮುಚ್ಚಿ ಸದ್ದು ಸೊರಗುತ್ತದೆ. ಎರಡೂ ಸಾಲಿನ ಬಿಲ್ಲೆಗಳನ್ನು ಕೈಯಿಂದ ನೆಟ್ಟಗೆ ನಿಲ್ಲಿಸಿದ ಮೇಲೇ ಪಾಠ.

ಬರ್ಟನ್ 1943ರಲ್ಲಿ ಇಂಡಿಯಾನಾದಲ್ಲಿ ಹುಟ್ಟಿ, ಬಹುಪಾಲು ತಾವೇ ಕಲಿತವರು. ಪಕ್ಕದಲ್ಲಿ ಪಿಯಾನೋ ಇಲ್ಲದೆ ಒಬ್ಬರೇ ನುಡಿಸಬೇಕಾದ್ದರಿಂದ ಕೈಗೆ ಎರಡರಂತೆ ನಾಲ್ಕು ಮ್ಯಾಲೆಟ್, ಅಂದರೆ ತುದಿಗೆ ದಾರ ಸುತ್ತಿದ ಬಾರಿಸುವ ಕೋಲು, ಹಿಡಿದರು. ಸ್ಯಾಕ್ಸೊಫೋನ್ ವಾದಕ ಸ್ಟಾನ್ ಗೆಟ್ಜ್ ತಂಡದಲ್ಲಿದ್ದು, 1967ರಲ್ಲಿ ನಾಲ್ವರ ಸ್ವಂತ ಕ್ವಾರ್ಟೆಟ್ ಕಟ್ಟಿ ಜಾಝ್‌ಗೆ ರಾಕ್ ಬೆರೆಸಿದರು. 1971ರಿಂದ 2004ರವರೆಗೆ ಬಾಸ್ಟನ್ನಿನ ಬರ್ಕ್ಲಿ ಸಂಗೀತ ಕಾಲೇಜಿನಲ್ಲಿ ಪಾಠ, ಆಡಳಿತ ಎರಡೂ. ಜೊತೆಗೆ ಪಿಯಾನೋ ವಾದಕ ಚಿಕ್ ಕೊರಿಯಾರೊಂದಿಗೆ ಜುಗಲ್‌ಬಂದಿ. 2017ರಲ್ಲಿ ನುಡಿಸುವುದನ್ನು ನಿಲ್ಲಿಸಿದರು.

ಅವರ ಹಿಡಿತ ಹೀಗೆ: ಒಳಗಿನ ಮ್ಯಾಲೆಟ್ ಹೆಬ್ಬೆರಳು–ತೋರುಬೆರಳ ನಡುವೆ, ಹೊರಗಿನದು ತೋರುಬೆರಳು–ನಡುಬೆರಳ ನಡುವೆ. ಬೆತ್ತದ ಕಡ್ಡಿಗಳೆರಡೂ ಅಂಗೈಯಲ್ಲಿ ಕತ್ತರಿಯಾಗಿ ಕೂಡುತ್ತವೆ, ಆ ಕೂಡಿದ ಜಾಗವನ್ನು ಕಡೆಯ ಎರಡು ಬೆರಳು ಬಿಗಿಹಿಡಿಯಬೇಕು. ಅವು ಸಡಿಲಾದರೆ ಕಡ್ಡಿಗೆ ಕಡ್ಡಿ ತಾಗಿ ಟಕಟಕ ಅನ್ನುತ್ತದೆ. ಆ ಸದ್ದು ಕೇಳಿದರೆ ಮೇಷ್ಟ್ರು ಬೈಯುತ್ತಿರಲಿಲ್ಲ, ಕಿಟಕಿ ಕಡೆ ತಿರುಗುತ್ತಿದ್ದರು. ಬೈದಿದ್ದರೇ ವಾಸಿಯಿತ್ತು.

ನಮ್ಮ ಕಿಡಿಗೇಡಿತನ ಪೆಡಲಿನ ಮೇಲೆ ನಡೆಯಿತು. ಪೆಡಲ್ ಒತ್ತಿದರೆ ಪಟ್ಟಿಗೆ ಆನಿಕೊಂಡು ಸದ್ದು ತಡೆಯುತ್ತಿದ್ದ ಫೆಲ್ಟ್ ಬಟ್ಟೆ ಕೆಳಗಿಳಿದು ಸ್ವರ ಮೊಳಗುತ್ತಲೇ ಇರುತ್ತದೆ. ಮ್ಯಾಲೆಟ್‌ಗೆ ಸುತ್ತುವ ದಾರದಿಂದ ಪೆಡಲನ್ನು, ಒತ್ತಿದಂತೆಯೇ ನಿಲ್ಲುವ ಹಾಗೆ, ಚೌಕಟ್ಟಿನ ಅಡ್ಡಪಟ್ಟಿಗೆ ಬಿಗಿದೆವು. ಮೇಷ್ಟ್ರು ಬಂದರು, ಒಂದು ಸ್ವರ ಬಾರಿಸಿದರು, ಕೆಳಗೆ ನೋಡಲೂ ಇಲ್ಲ. ನಿಧಾನಗತಿಯ ಒಂದು ಬ್ಯಾಲಡ್ ಇಡಿಯಾಗಿ ನುಡಿಸಿದರು. ಒಂದು ಮ್ಯಾಲೆಟ್ ಹೊಸ ಸ್ವರ ಬಾರಿಸುವ ಗಳಿಗೆಯಲ್ಲೇ ಇನ್ನೊಂದು ಹಿಂದಿನ ಪಟ್ಟಿಯ ಮೇಲೆ ಮೆತ್ತಗೆ ಕೂತು ಬಾಯಿ ಮುಚ್ಚಿಸುತ್ತಿತ್ತು. ಕೂರಿಸುವುದು ಪಟ್ಟಿಯ ನಡುಮಧ್ಯಕ್ಕೆ, ಏಕೆಂದರೆ ಕಂಪನ ಹೆಚ್ಚಿರುವುದು ಅಲ್ಲಿ. ಪಟ್ಟಿಗಳನ್ನು ತೂಗಿಹಿಡಿಯುವ ಹಗ್ಗ ಹಾಯುವ ತೂತಿನ ಬಳಿ ಒತ್ತಿದರೆ ಸ್ವರ ನಿಲ್ಲುವುದಿಲ್ಲ. ಬಿರುಸಾಗಿ ಇಟ್ಟರೆ ಅದೇ ಒಂದು ಹೊಡೆತವಾಗುತ್ತದೆ. "ದಾರ ಬಿಚ್ಚಬೇಡಿ," ಎಂದರು. ಆ ಸೆಮಿಸ್ಟರ್ ಮುಗಿಯುವವರೆಗೂ ಬಿಚ್ಚಲಿಲ್ಲ.

ಈಗಿನ ಹುಡುಗರ ವೇಗ ಕಂಡರೆ ಬೆರಗಾಗುತ್ತದೆ, ಆದರೆ ಪೆಡಲ್ ಒತ್ತಿಹಿಡಿದೇ ಓಡುತ್ತಾರೆ, ಸ್ವರದ ಮೇಲೆ ಸ್ವರ ಕೊಚ್ಚೆಯಾಗುತ್ತದೆ. ಪರೀಕ್ಷೆಗೆ ಹಾಕುವುದು ಸ್ಕೇಲುಗಳ ವೇಗ, ಸ್ವರ ನಿಲ್ಲಿಸುವುದಕ್ಕೆ ಅಂಕವಿಲ್ಲ. ನಮ್ಮ ಬ್ಯಾಚಿನವರ ರೆಕಾರ್ಡಿಂಗನ್ನು ಕಣ್ಣು ಮುಚ್ಚಿ ಗುರುತಿಸಬಹುದು, ಇದನ್ನು ಹೇಳಿಕೊಳ್ಳಲು ಸಂಕೋಚವೇನಿಲ್ಲ.